ಕಳ್ಳ ಬಂದರೆ ಕೂಗಬೇಕು, ಮನೆಯವರು ಬಂದರೆ ಸುಮ್ಮನಿರಬೇಕು: ಮನೆಯ ಅಲಾರಾಂ ಸೆಟ್ಟಿಂಗ್ ಮಾಡುವ ಕ್ರಮ

ಅಲಾರಾಂ ಹಾಕುವವರು ಬರುತ್ತಾರೆ, ಸೆನ್ಸರ್ ಅಂಟಿಸುತ್ತಾರೆ, ಒಂದು ಸಲ ಸೈರನ್ ಕೂಗಿಸಿ ತೋರಿಸಿ ಹೊರಟುಬಿಡುತ್ತಾರೆ. ಅವರು ಬಿಟ್ಟುಹೋದ ಸೆಟ್ಟಿಂಗನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ಆದರೆ ಅದು ಯಾವ ಮನೆಗೆ ಹಾಕಿದರೂ ಒಂದೇ ಥರ ಇರುವ ಸೆಟ್ಟಿಂಗ್. ನಿಮ್ಮ ಮನೆಯಲ್ಲಿ ಯಾರು ಎಷ್ಟೊತ್ತಿಗೆ ಬರುತ್ತಾರೆ, ಯಾವ ಬಾಗಿಲಲ್ಲಿ ಬರುತ್ತಾರೆ, ರಾತ್ರಿ ಯಾರು ಎದ್ದು ಓಡಾಡುತ್ತಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಮೊದಲ ವಾರದಲ್ಲೇ ಸುಮ್ಸುಮ್ನೆ ಕೂಗುತ್ತದೆ. ಎರಡು ಮೂರು ಸಲ ಹೀಗಾದರೆ ಮನೆಯವರು ಅದನ್ನು ಆನ್ ಮಾಡುವುದನ್ನೇ ಬಿಡುತ್ತಾರೆ.

ನನ್ನ ಪ್ರಕಾರ ಸೆಟ್ಟಿಂಗ್ ಸರಿಯಾಗಿದೆ ಎನ್ನಲು ಒಂದೇ ಗುರುತು ಇದೆ: ಮನೆಯಲ್ಲಿರುವ ಎಲ್ಲರೂ ಹೆದರದೆ ದಿನಾ ಅದನ್ನು ಬಳಸಬೇಕು. ಕೆಳಗೆ ಹೇಳಿರುವುದೆಲ್ಲ ಅದಕ್ಕಾಗಿಯೇ. ಬ್ರ್ಯಾಂಡ್ ಬದಲಾದರೆ ಮೆನುವಿನ ಹೆಸರು ಬದಲಾಗಬಹುದು, ಒಳಗಿನ ತರ್ಕ ಹೆಚ್ಚುಕಡಿಮೆ ಅದೇ.

ಕೀಪ್ಯಾಡ್ ಮುಟ್ಟುವ ಮೊದಲು

ಒಂದು ಹಾಳೆಯಲ್ಲಿ ಎಲ್ಲ ಸೆನ್ಸರ್‌ಗಳ ಪಟ್ಟಿ ಬರೆಯಿರಿ. ಪ್ರತಿಯೊಂದರ ಮುಂದೆ ಅದು ಯಾವ ಬಾಗಿಲು, ಯಾವ ಕಿಟಕಿ, ಯಾವ ಕೋಣೆ ಅಂತ ಬರಲಿ. ಆಮೇಲೆ ಮನೆಯ ದಿನಚರಿ ಬರೆದುಕೊಳ್ಳಿ: ಕೊನೆಗೆ ಹೊರಡುವವರು ಯಾರು, ಮೊದಲು ಬರುವವರು ಯಾರು, ಸಾಕುಪ್ರಾಣಿ ಎಲ್ಲಿ ಮಲಗುತ್ತದೆ, ರಾತ್ರಿ ನೀರು ಕುಡಿಯಲು ಏಳುವವರು ಯಾವ ದಾರಿಯಲ್ಲಿ ಹೋಗುತ್ತಾರೆ. ಮುಂದೆ ಬರುವ ಅರ್ಧ ಪ್ರಶ್ನೆಗಳಿಗೆ ಉತ್ತರ ಇಲ್ಲೇ ಇರುತ್ತದೆ.

ನಿಮ್ಮ ಅಲಾರಾಂ ಯಾವುದಾದರೂ ನಿಗಾ ಕೇಂದ್ರಕ್ಕೆ (ಅಲಾರಾಂ ಸಂದೇಶ ಬಂದರೆ ನೋಡಿ ಕ್ರಮ ಕೈಗೊಳ್ಳುವವರಿಗೆ) ಜೋಡಣೆಯಾಗಿದ್ದರೆ, ಏನನ್ನಾದರೂ ಮುಟ್ಟುವ ಮೊದಲು ಅವರಿಗೆ ಫೋನ್ ಮಾಡಿ. "ಇನ್ನು ಎರಡು ಗಂಟೆ ಟೆಸ್ಟಿಂಗ್ ಇದೆ" ಎಂದರೆ ಅಷ್ಟು ಹೊತ್ತು ಬರುವ ಸಂದೇಶಗಳನ್ನು ಅವರು ಟೆಸ್ಟ್ ಅಂತ ಪರಿಗಣಿಸುತ್ತಾರೆ. ಇದನ್ನು ಮರೆತರೆ ನೀವು ಮೆನು ಹುಡುಕುತ್ತಿರುವಾಗಲೇ ಪೊಲೀಸರು ಬಾಗಿಲಿಗೆ ಬರಬಹುದು.

ಇನ್ನೊಂದು ಮಾತು. ಇಂಥ ಸಿಸ್ಟಮ್‌ಗಳಿಗೆ ಸಾಮಾನ್ಯವಾಗಿ ಎರಡು ಕೈಪಿಡಿ ಇರುತ್ತವೆ. ಒಂದು ಬಳಸುವವರಿಗೆ, ಇನ್ನೊಂದು ಇನ್‌ಸ್ಟಾಲರ್‌ಗೆ, ಅಂದರೆ ಹಾಕಿಕೊಡುವವರಿಗೆ. ನಿಮಗೆ ಬೇಕಾದ ಮುಖ್ಯ ಸೆಟ್ಟಿಂಗ್‌ಗಳು ಎರಡನೆಯದರಲ್ಲಿ ಇರುತ್ತವೆ. ಮಾಡೆಲ್ ನಂಬರ್ ನೋಡಿಕೊಂಡು ಅದನ್ನು ಇಳಿಸಿಕೊಳ್ಳಿ.

ಪಿನ್‌ಗಳು

ಆ ಕೈಪಿಡಿ ನಿಮಗೆ ಸಿಕ್ಕ ಹಾಗೆ ಬೇರೆಯವರಿಗೂ ಸಿಗುತ್ತದೆ. ಕಾರ್ಖಾನೆಯಿಂದ ಬರುವಾಗ ಇರುವ ಡೀಫಾಲ್ಟ್ ಪಿನ್ ಅದರಲ್ಲೇ ಅಚ್ಚಾಗಿರುತ್ತದೆ. ಹಾಗಾಗಿ ಮೊದಲ ಕೆಲಸ ಪಿನ್ ಬದಲಿಸುವುದು. ಮಾಸ್ಟರ್ ಪಿನ್ ಬದಲಿಸಲು ಎಲ್ಲರಿಗೂ ನೆನಪಿರುತ್ತದೆ. ಇನ್‌ಸ್ಟಾಲರ್ ಪಿನ್ ಬದಲಿಸಲು ಮರೆಯುತ್ತಾರೆ. ಪ್ಯಾನೆಲ್‌ನ (ಎಲ್ಲ ಸೆನ್ಸರ್‌ಗಳನ್ನೂ ನಡೆಸುವ ಮುಖ್ಯ ಪೆಟ್ಟಿಗೆಯ) ಆಳದ ಸೆಟ್ಟಿಂಗ್‌ಗಳೆಲ್ಲ ತೆರೆಯುವುದು ಅದರಿಂದಲೇ. ಹಾಕಿಕೊಟ್ಟವರೇ ಅದನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರೆ, ಒಪ್ಪಂದದಲ್ಲಿ ಏನಿದೆ ನೋಡಿ, ಕೇಳಿ ಪಡೆಯಿರಿ.

ನಾಲ್ಕಂಕಿ ಪಿನ್‌ಗೆ ಒಟ್ಟು 10,000 ಸಾಧ್ಯತೆಗಳಿವೆ. ಕೇಳಲು ಜಾಸ್ತಿ ಅನಿಸುತ್ತದೆ. ಆದರೆ ವರ್ಷಗಟ್ಟಲೆ ಅದೇ ಪಿನ್ ಒತ್ತಿ ಕೀಪ್ಯಾಡ್‌ನ ನಾಲ್ಕು ಗುಂಡಿ ಮಾತ್ರ ಸವೆದಿದ್ದರೆ, ಉಳಿಯುವುದು ಬರೀ 24 ಸಾಧ್ಯತೆ! ಆರಂಕಿಗೆ ಅವಕಾಶವಿದ್ದರೆ ಅದನ್ನೇ ಆರಿಸಿ. ಆಗಾಗ ಬದಲಿಸಿ, ಗುಂಡಿಗಳನ್ನು ಒರೆಸಿ. ತಪ್ಪು ಪಿನ್ ಕೆಲವು ಸಲ ಒತ್ತಿದರೆ ಕೀಪ್ಯಾಡ್ ಲಾಕ್ ಆಗುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ.

ಮನೆಮಂದಿಗೆಲ್ಲ ಒಂದೇ ಪಿನ್ ಕೊಡಬೇಡಿ. ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ ಯಾರು ಯಾವಾಗ ಬಂದರು ಅನ್ನುವುದು ಲಾಗ್‌ನಲ್ಲಿ, ಅಂದರೆ ಪ್ಯಾನೆಲ್ ಬರೆದಿಡುವ ದಾಖಲೆಯಲ್ಲಿ, ಗೊತ್ತಾಗುತ್ತದೆ. ಮನೆಕೆಲಸಕ್ಕೆ ಬರುವವರಿಗೆ, ನಾಲ್ಕು ದಿನ ಇದ್ದು ಹೋಗುವ ನೆಂಟರಿಗೆ ಬೇರೆ ಪಿನ್ ಇಡಿ, ಅವರು ಹೋದ ದಿನವೇ ಅಳಿಸಿ. ಇಂತಿಂಥ ದಿನ, ಇಷ್ಟರಿಂದ ಇಷ್ಟು ಗಂಟೆವರೆಗೆ ಮಾತ್ರ ಅಂತ ಮಿತಿ ಹಾಕಲು ಬಂದರೆ ಇನ್ನೂ ಒಳ್ಳೆಯದು.

ಬೆದರಿಕೆ ಪಿನ್ ಅಂತ ಒಂದು ಇರುತ್ತದೆ. ಯಾರಾದರೂ ಹೆದರಿಸಿ ಅಲಾರಾಂ ಆಫ್ ಮಾಡಿಸಿದರೆ ಅದನ್ನು ಒತ್ತಬೇಕು. ನೋಡಲು ಎಲ್ಲ ಆಫ್ ಆದಂತೆಯೇ ಕಾಣುತ್ತದೆ, ಆದರೆ ಸದ್ದಿಲ್ಲದೆ ಸಂದೇಶ ಹೋಗುತ್ತದೆ. ಆ ಸಂದೇಶ ನೋಡಿ ಓಡಿಬರುವವರು ಇದ್ದರೆ ಮಾತ್ರ ಇದನ್ನು ಇಡಿ. ದಿನದ ಪಿನ್‌ಗೂ ಇದಕ್ಕೂ ಕೊನೆಯ ಒಂದು ಅಂಕಿ ಮಾತ್ರ ವ್ಯತ್ಯಾಸ ಇರುವ ಹಾಗೆ ಇಡಬೇಡಿ. ಬೆರಳು ಪಕ್ಕಕ್ಕೆ ಜಾರಿದರೆ ಸಾಕು, ಎಡವಟ್ಟಾಗುತ್ತದೆ.

ಝೋನ್‌ಗೆ ಹೆಸರು, ಆಮೇಲೆ ಬಗೆ

ಸಾಮಾನ್ಯವಾಗಿ ಒಂದು ಸೆನ್ಸರ್ ಅಂದರೆ ಪ್ಯಾನೆಲ್‌ಗೆ ಒಂದು ಝೋನ್. ಹೆಸರಿಡುವ ಕೆಲಸ ಬೇಗ ಮುಗಿಯುತ್ತದೆ. "ಝೋನ್ 7" ಎಂದಿದ್ದರೆ ನಡುರಾತ್ರಿ ನಿದ್ದೆಗಣ್ಣಿನಲ್ಲಿ ಏನೂ ತಿಳಿಯದು. "ಹಿಂಬಾಗಿಲು", "ಮೇಲ್ಮಹಡಿ ಹಾಲ್" ಅಂತ ಇಡಿ.

ಝೋನ್ ಬಗೆ ಮಾತ್ರ ನಿಧಾನವಾಗಿ ಕೂತು ಮಾಡಬೇಕಾದ ಕೆಲಸ. ಸುಳ್ಳು ಅಲಾರಾಂಗಳಲ್ಲಿ ಬಹಳಷ್ಟರ ಬೇರು ಇಲ್ಲೇ ಇರುತ್ತದೆ. ಮುಖ್ಯವಾಗಿ ನಾಲ್ಕು ಬಗೆ ತಿಳಿದರೆ ಸಾಕು.

ನೀವು ಒಳಗೆ ಬರುವ ಬಾಗಿಲಿಗೆ ಎಂಟ್ರಿ-ಎಕ್ಸಿಟ್ ಬಗೆ. ಅದು ತೆರೆದ ಕೂಡಲೇ ಕೂಗುವುದಿಲ್ಲ. ಪಿನ್ ಒತ್ತಲು ಸ್ವಲ್ಪ ಹೊತ್ತು ಕೊಡುತ್ತದೆ. ಯಾರೂ ಓಡಾಡದ ಕಿಟಕಿ, ಬಾಲ್ಕನಿ ಬಾಗಿಲುಗಳಿಗೆ ಇನ್‌ಸ್ಟಂಟ್ ಬಗೆ. ತೆರೆದರೆ ಆ ಕ್ಷಣವೇ ಸೈರನ್. ಮೂರನೆಯದು ಫಾಲೋವರ್. ಇದು ಒಳಗಿನ ಮೋಷನ್ ಸೆನ್ಸರ್‌ಗಳಿಗೆ. ನಾಲ್ಕನೆಯದು 24 ಗಂಟೆಯ ಬಗೆ. ಅಲಾರಾಂ ಆನ್ ಇರಲಿ, ಆಫ್ ಇರಲಿ, ಇದು ಸದಾ ಎಚ್ಚರವಾಗಿರುತ್ತದೆ.

ಫಾಲೋವರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನೀವು ಮುಂಬಾಗಿಲು ತೆರೆದು ಒಳಗೆ ಬರುತ್ತೀರಿ. ಕೀಪ್ಯಾಡ್ ಹಾಲ್‌ನ ಆಚೆ ಗೋಡೆಯಲ್ಲಿದೆ. ಹಾಲ್‌ನಲ್ಲಿ ಮೋಷನ್ ಸೆನ್ಸರ್ ಇದೆ. ಅದು ಇನ್‌ಸ್ಟಂಟ್ ಬಗೆಯಲ್ಲಿದ್ದರೆ ಎರಡು ಹೆಜ್ಜೆ ಇಡುವುದರೊಳಗೆ ಸೈರನ್ ಕೂಗುತ್ತದೆ. ಇದರಿಂದ ಬೇಸತ್ತವರು ಎಲ್ಲ ಸೆನ್ಸರ್‌ಗಳನ್ನೂ ಎಂಟ್ರಿ-ಎಕ್ಸಿಟ್ ಬಗೆಗೆ ಹಾಕಿಬಿಡುತ್ತಾರೆ. ಕೂಗುವುದು ನಿಲ್ಲುತ್ತದೆ ನಿಜ. ಆದರೆ ಕಿಟಕಿ ಒಡೆದು ಬಂದವನಿಗೂ ಅಷ್ಟೇ ಸೆಕೆಂಡು ಪುಕ್ಕಟೆ ಸಿಗುತ್ತದೆ, ಅಲ್ವಾ? ಫಾಲೋವರ್ ಬಗೆ ಇಟ್ಟರೆ ಎರಡೂ ತೊಂದರೆ ಇಲ್ಲ. ಮುಂಬಾಗಿಲು ಮೊದಲು ತೆರೆದಿದ್ದರೆ ಹಾಲ್ ಸೆನ್ಸರ್ ಕಾಯುತ್ತದೆ. ಬಾಗಿಲು ತೆರೆಯದೆಯೇ ಹಾಲ್‌ನಲ್ಲಿ ಚಲನೆ ಕಂಡರೆ ತಕ್ಷಣ ಕೂಗುತ್ತದೆ.

ಹೊಗೆ ಸೆನ್ಸರ್, ಕಾರ್ಬನ್ ಮೊನಾಕ್ಸೈಡ್ ಸೆನ್ಸರ್, ನೀರು ಸೋರಿಕೆ ಸೆನ್ಸರ್ ಇವೆಲ್ಲ ಸದಾ ಎಚ್ಚರವಾಗಿರುವ ಝೋನ್‌ಗಳೇ ಆಗಬೇಕು. ಆದರೆ ಬೆಂಕಿಗೆ ಮತ್ತು ಕಾರ್ಬನ್ ಮೊನಾಕ್ಸೈಡ್‌ಗೆ ಬೇರೆ ಬೇರೆ ಬಗೆ ಇರುತ್ತವೆ, ಅವನ್ನೇ ಆರಿಸಿ. ಏಕೆಂದರೆ ಸದ್ದು ಬೇರೆ. ಬೆಂಕಿಗೆ ಸಾಮಾನ್ಯವಾಗಿ ಮೂರು ಸಲ ಕೂಗಿ ನಿಂತು ಮತ್ತೆ ಮೂರು. ಕಾರ್ಬನ್ ಮೊನಾಕ್ಸೈಡ್‌ಗೆ ನಾಲ್ಕು. ಕಳ್ಳ ಬಂದ ಸದ್ದಿಗೆ ಕೋಣೆಯೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಳ್ಳಬೇಕು, ಬೆಂಕಿಯ ಸದ್ದಿಗೆ ಮನೆ ಬಿಟ್ಟು ಹೊರಗೆ ಓಡಬೇಕು. ಮಕ್ಕಳಿಗೂ ಹಿರಿಯರಿಗೂ ಈ ಸದ್ದುಗಳನ್ನು ಒಂದು ಸಲ ಕೇಳಿಸಿ.

ಎಷ್ಟು ಸೆಕೆಂಡು ಕೊಡಬೇಕು

ಸುಳ್ಳು ಅಲಾರಾಂ ಕಡಿಮೆ ಮಾಡಲೆಂದೇ ಅಮೆರಿಕದಲ್ಲಿ ಎಸ್‌ಐಎ ಸಿಪಿ-01 ಎಂಬ ಮಾನದಂಡ ಇದೆ. ಅದರ ಪ್ರಕಾರ ಒಳಗೆ ಬರುವಾಗ ಕನಿಷ್ಠ 30 ಸೆಕೆಂಡು ಸಿಗಬೇಕು, ಹೊರಗೆ ಹೋಗುವಾಗಿನ ಡೀಫಾಲ್ಟ್ 60 ಸೆಕೆಂಡು. ಯುರೋಪಿನ ಇಎನ್ 50131 ಮಾನದಂಡ ಒಳಬರುವ ಸಮಯ 45 ಸೆಕೆಂಡು ಮೀರಬಾರದು ಎನ್ನುತ್ತದೆ. ಅಂದರೆ 30ರಿಂದ 45ರ ನಡುವೆ ಎಲ್ಲೋ ನಿಮ್ಮ ಮನೆಯ ಸಂಖ್ಯೆ ಇದೆ.

ಅದನ್ನು ಊಹಿಸಬೇಡಿ, ಅಳೆಯಿರಿ. ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರ ಕೈಯಲ್ಲಿ ಒಂದು ಚೀಲ ಕೊಡಿ. ಬೀಗ ತೆಗೆದು, ಬಾಗಿಲು ತಳ್ಳಿ, ಲೈಟ್ ಹಾಕಿ, ಕೀಪ್ಯಾಡ್ ಮುಟ್ಟಿ ಪಿನ್ ಒತ್ತುವವರೆಗೆ ಎಷ್ಟಾಯಿತು ನೋಡಿ. ಅದಕ್ಕೆ 10 ಸೆಕೆಂಡು ಸೇರಿಸಿ. ಲೆಕ್ಕ 45 ದಾಟುತ್ತಿದ್ದರೆ ಸೆಕೆಂಡು ಹೆಚ್ಚಿಸುವುದಕ್ಕಿಂತ ಕೀಪ್ಯಾಡನ್ನೇ ಬಾಗಿಲ ಹತ್ತಿರ ತರುವುದು ವಾಸಿ. ಇಲ್ಲವೇ ಅವರಿಗೆ ಒಂದು ಚಿಕ್ಕ ರಿಮೋಟ್ ಕೊಡಿ. ಕೀಪ್ಯಾಡ್ ಮಾತ್ರ ಹೊರಗಿನಿಂದ, ಕಿಟಕಿಯ ಗಾಜಿನಿಂದ ಕಾಣುವ ಜಾಗದಲ್ಲಿ ಇರಬಾರದು.

ಹೊರಗೆ ಹೋಗುವಾಗಿನ ಸಮಯದ್ದು ಬೇರೆ ರಗಳೆ. ಅಲಾರಾಂ ಆನ್ ಮಾಡಿ ಬಾಗಿಲು ಎಳೆದುಕೊಂಡಿರುತ್ತೇವೆ, ಫೋನ್ ಮರೆತದ್ದು ಆಗ ನೆನಪಾಗುತ್ತದೆ. ಇದಕ್ಕೆಂದೇ ಎಕ್ಸಿಟ್ ರೀಸ್ಟಾರ್ಟ್ ಎಂಬ ಸೆಟ್ಟಿಂಗ್ ಇದೆ. ಹೊರಗೆ ಹೋಗಿ ಸಮಯ ಮುಗಿಯುವ ಮೊದಲೇ ಮತ್ತೆ ಬಾಗಿಲು ತೆರೆದರೆ, ಎಣಿಕೆ ಒಂದು ಸಲ ಮೊದಲಿನಿಂದ ಶುರುವಾಗುತ್ತದೆ. ಇದ್ದರೆ ಆನ್ ಮಾಡಿ. ಎಕ್ಸಿಟ್ ಬೀಪ್ ಸದ್ದನ್ನು ಕಿರಿಕಿರಿ ಅಂತ ಆಫ್ ಮಾಡಬೇಡಿ. ಕೊನೆಯ ಸೆಕೆಂಡುಗಳಲ್ಲಿ ಬೀಪ್ ವೇಗವಾದರೆ ಬಾಗಿಲು ಸರಿಯಾಗಿ ಮುಚ್ಚಿದೆಯೇ ಅಂತ ನೋಡಲು ನೆನಪಾಗುತ್ತದೆ. ಸಮಯ ಮುಗಿದಾಗ ಬಾಗಿಲು ಓರೆಯಾಗಿದ್ದರೆ ಅಲಾರಾಂ ಆಗಬಹುದು. ರಾತ್ರಿ ಮಲಗುವಾಗ ಆನ್ ಮಾಡುವುದಕ್ಕೆ ಮಾತ್ರ ಬೀಪ್ ಬೇಡ.

ಅಬಾರ್ಟ್ ವಿಂಡೋ ಅಂತ ಇನ್ನೊಂದು ಇದೆ. ಸೈರನ್ ಕೂಗಿದರೂ ನಿಗಾ ಕೇಂದ್ರಕ್ಕೆ ಸಂದೇಶ ಹೋಗುವ ಮೊದಲು ಪ್ಯಾನೆಲ್ ಸ್ವಲ್ಪ ಕಾಯುತ್ತದೆ. ಅಷ್ಟರಲ್ಲಿ ಪಿನ್ ಒತ್ತಿದರೆ ಸಂದೇಶ ಹೋಗುವುದೇ ಇಲ್ಲ. ಮೊದಲು ಹೇಳಿದ ಅಮೆರಿಕದ ಮಾನದಂಡದಲ್ಲಿ ಇದು 15ರಿಂದ 45 ಸೆಕೆಂಡು. 30 ಇಟ್ಟರೆ ಸರಿ. ಬೆಂಕಿ ಝೋನ್‌ಗೆ ಈ ಕಾಯುವಿಕೆ ಬೇಡ.

ಮೋಡ್‌ಗಳು

ಮನೆ ಖಾಲಿ ಬಿಟ್ಟು ಹೋಗುವಾಗ ಹಾಕುವುದು "ಅವೇ" (away) ಮೋಡ್, ಅದರಲ್ಲಿ ಎಲ್ಲ ಸೆನ್ಸರ್‌ಗಳೂ ಎಚ್ಚರ. ಸ್ಟೇ ಮೋಡ್‌ನಲ್ಲಿ ಬಾಗಿಲು, ಕಿಟಕಿ ಮಾತ್ರ ಎಚ್ಚರ, ಒಳಗೆ ನೀವು ಆರಾಮಾಗಿ ಓಡಾಡಬಹುದು. ನೈಟ್ ಮೋಡ್ ಇದ್ದರೆ ಅದನ್ನು ನಿಮ್ಮ ಮನೆಗೆ ತಕ್ಕಂತೆ ಹೊಂದಿಸಿ: ಯಾರೂ ಮಲಗದ ಕೆಳಮಹಡಿಯ ಮೋಷನ್ ಸೆನ್ಸರ್ ಆನ್, ಮಲಗುವ ಕೋಣೆಯಿಂದ ಬಾತ್‌ರೂಮಿನ ದಾರಿಯದ್ದು ಆಫ್.

ಒಂದು ವಿಚಿತ್ರ ತಿಳಿದಿರಲಿ. ಕೆಲವು ಪ್ಯಾನೆಲ್‌ಗಳಲ್ಲಿ ಅವೇ ಮೋಡ್ ಒತ್ತಿಯೂ ಯಾರೂ ಬಾಗಿಲು ತೆರೆದು ಹೊರಗೆ ಹೋಗದಿದ್ದರೆ, "ಓ, ಮನೆಯಲ್ಲೇ ಇದ್ದಾರೆ" ಎಂದುಕೊಂಡು ಅದು ತಾನಾಗಿಯೇ ಸ್ಟೇ ಮೋಡ್‌ಗೆ ಹೋಗುತ್ತದೆ. ಒಳಗೇ ಕೂತು ಟೆಸ್ಟ್ ಮಾಡುವವರು ಮೋಷನ್ ಸೆನ್ಸರ್ ಕೆಟ್ಟಿದೆ ಎಂದುಕೊಂಡು ತಲೆ ಕೆಡಿಸಿಕೊಳ್ಳುತ್ತಾರೆ.

ಫೋನ್ ಎಲ್ಲಿದೆ ನೋಡಿಕೊಂಡು ತಾನೇ ಆನ್ ಆಫ್ ಆಗುವ ಸೌಲಭ್ಯ ಈಗ ತುಂಬ ಆ್ಯಪ್‌ಗಳಲ್ಲಿದೆ. "ನೀವು ಮನೆ ಬಿಟ್ಟಿದ್ದೀರಿ, ಅಲಾರಾಂ ಆನ್ ಮಾಡಿಲ್ಲ" ಎಂದು ನೆನಪಿಸುವಷ್ಟಕ್ಕೆ ಅದು ಒಳ್ಳೆಯದು. ಹತ್ತಿರ ಬಂದ ಕೂಡಲೇ ತಾನಾಗಿ ಆಫ್ ಆಗಲು ಬಿಡಬೇಡಿ ಅನ್ನುವುದು ನನ್ನ ಸಲಹೆ. ಫೋನ್ ಕದ್ದವನು ಬಂದರೂ ಬಾಗಿಲು ಸ್ವಾಗತ ಕೋರಬೇಕೇ?

ಮೋಷನ್ ಸೆನ್ಸರ್

ಮನೆಗಳಲ್ಲಿ ಬಳಸುವ ಸಾಮಾನ್ಯ ಮೋಷನ್ ಸೆನ್ಸರ್ ನಿಮ್ಮನ್ನು ಕ್ಯಾಮೆರಾದಂತೆ ನೋಡುವುದಿಲ್ಲ. ಮೈಯಿಂದ ಹೊರಡುವ ಶಾಖದ ಕಿರಣವನ್ನು ಹಿಡಿಯುತ್ತದೆ. ಅದರ ಮುಂದಿನ ಗೀರು ಗೀರು ಪ್ಲಾಸ್ಟಿಕ್ ಲೆನ್ಸ್ ಕೋಣೆಯನ್ನು ಬೀಸಣಿಗೆಯಂತೆ ಪಟ್ಟೆ ಪಟ್ಟೆಯಾಗಿ ಭಾಗ ಮಾಡುತ್ತದೆ. ಬಿಸಿಯಾದದ್ದು ಒಂದು ಪಟ್ಟೆಯಿಂದ ಇನ್ನೊಂದಕ್ಕೆ ದಾಟಿದರೆ ಅದು ಚಲನೆ. ಇದು ಗೊತ್ತಾದರೆ ಬಾಕಿಯೆಲ್ಲ ತಾನಾಗಿ ಅರ್ಥವಾಗುತ್ತದೆ. ಅಡ್ಡಡ್ಡ ನಡೆದರೆ ಬೇಗ ಹಿಡಿಯುತ್ತದೆ, ನೇರ ಅದರ ಕಡೆಗೇ ನಡೆದರೆ ತಡ. ಬಾಗಿಲಿಗೆ ಎದುರಾಗಿ ಇಡುವುದಕ್ಕಿಂತ, ಬಂದವನು ಅಡ್ಡ ಹಾಯುವಂತೆ ಮೂಲೆಯಲ್ಲಿ ಇಡುವುದು ಅದಕ್ಕೇ. ಕೋಣೆಯ ಬಿಸಿಯೂ ಮೈಯ ಬಿಸಿಯೂ ಹತ್ತಿರ ಹತ್ತಿರ ಬಂದರೆ ಅದು ಮಂಕಾಗುತ್ತದೆ. ಹಾಗಾಗಿ ಕಡುಬೇಸಿಗೆಯ ಮಧ್ಯಾಹ್ನ ಒಮ್ಮೆ ಟೆಸ್ಟ್ ಮಾಡಿ.

ಎತ್ತರ ಸಾಮಾನ್ಯವಾಗಿ 2.1ರಿಂದ 2.4 ಮೀಟರ್. ಹೀಟರ್, ಎ.ಸಿ. ಗಾಳಿ ಬರುವ ಬಾಯಿ, ಬಿಸಿಲು ಬೀಳುವ ಕಿಟಕಿ ಇವುಗಳಿಗೆ ಮುಖ ಮಾಡಿರಬಾರದು. ಲೆನ್ಸ್ ಮೇಲೆ ಜೇಡ ಹರಿದಾಡಿದರೂ ಅದಕ್ಕೆ ದೊಡ್ಡ ಆಕೃತಿ ಬಂದಂತೆಯೇ. ಆಗಾಗ ಒರೆಸಿ.

ಸೂಕ್ಷ್ಮತೆಯನ್ನು ಮಧ್ಯಮದಲ್ಲಿಟ್ಟು ಶುರು ಮಾಡಿ. ಸಾಕುಪ್ರಾಣಿ ಇರುವ ಮನೆಗೆ ಪೆಟ್ ಸೆಟ್ಟಿಂಗ್ ಇರುತ್ತದೆ, ಇಷ್ಟು ಕಿಲೋ ತೂಕದವರೆಗೆ ಎಂದು ಬರೆದಿರುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ನೆಲದ ಮೇಲೆ ನಡೆಯುವ ನಾಯಿಗೆ ಸರಿ. ಸೋಫಾ ಹತ್ತಿ, ಕಪಾಟು ಹತ್ತಿ ಸೆನ್ಸರ್‌ನ ಮುಖದ ಮಟ್ಟಕ್ಕೆ ಬರುವ ಬೆಕ್ಕಿಗೆ ಯಾವ ತೂಕದ ಲೆಕ್ಕವೂ ನಡೆಯುವುದಿಲ್ಲ. ಸೆನ್ಸರ್ ಹತ್ತಿರದ ಪೀಠೋಪಕರಣ ಸರಿಸಿ, ಇಲ್ಲವೇ ಆ ಕೋಣೆಯಲ್ಲಿ ಬಾಗಿಲು ಸೆನ್ಸರನ್ನೇ ನೆಚ್ಚಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಒಂದು ಜಾಗ ತೊಂದರೆ ಕೊಡುತ್ತಿದ್ದರೆ ಕ್ರಾಸ್ ಝೋನ್ ಹಾಕಬಹುದು. ಎರಡು ಸೆನ್ಸರ್‌ಗಳು ನಿಗದಿ ಮಾಡಿದ ಸಮಯದೊಳಗೆ ಎರಡೂ ಎಚ್ಚರಗೊಂಡರೆ ಮಾತ್ರ ಅಲಾರಾಂ. ಒಬ್ಬ ಮನುಷ್ಯ ನಡೆದರೆ ಎರಡಕ್ಕೂ ಸಿಗುವಂತಿರಬೇಕು, ಇಲ್ಲದಿದ್ದರೆ ಇದು ಸೆನ್ಸರ್ ಕಿತ್ತುಹಾಕಿದಂತೆಯೇ. ಇನ್ನೊಂದು ಸ್ವಿಂಗರ್ ಶಟ್‌ಡೌನ್. ಒಂದೇ ಝೋನ್ ಮತ್ತೆ ಮತ್ತೆ ಅಲಾರಾಂ ಕೊಟ್ಟರೆ, ನೀವು ಬಂದು ಆಫ್ ಮಾಡುವವರೆಗೆ ಪ್ಯಾನೆಲ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡೀಫಾಲ್ಟ್‌ನಲ್ಲೇ ಇರಲಿ, ಆದರೆ ಅದು ಇದೆ ಅನ್ನುವುದು ನೆನಪಿರಲಿ.

ಸೈರನ್

ಇಲ್ಲಿ ಹೆಚ್ಚು ಯೋಚಿಸುವಂಥದ್ದಿಲ್ಲ. ನಾಲ್ಕೈದು ನಿಮಿಷ ಕೂಗಿದರೆ ಸಾಕು. ಅದಕ್ಕಿಂತ ಜಾಸ್ತಿ ಕೂಗಿದರೆ ಕಳ್ಳನಿಗಿಂತ ನೆರೆಯವರಿಗೇ ಶಿಕ್ಷೆ. ಎಷ್ಟು ಹೊತ್ತು ಕೂಗಬಹುದು ಎಂಬುದಕ್ಕೆ ಸ್ಥಳೀಯ ನಿಯಮ ಇದ್ದರೆ ಅದನ್ನು ನೋಡಿ.

ಸಂದೇಶ ಹೋಗುವ ದಾರಿ

ತುಂಬ ಮನೆಗಳಲ್ಲಿ ಅಲಾರಾಂ ವೈಫೈ ಮೇಲೆ ನಿಂತಿದೆ. ಪ್ಯಾನೆಲ್ ಒಳಗೆ ಬ್ಯಾಟರಿ ಇದೆ, ಕರೆಂಟ್ ಹೋದರೂ ನಡೆಯುತ್ತದೆ ಅಂತ ನೆಮ್ಮದಿಯಾಗಿರುತ್ತೇವೆ. ಆದರೆ ರೂಟರ್‌ಗೆ ಬ್ಯಾಟರಿ ಇಲ್ಲ! ಕರೆಂಟ್ ಹೋದ ಕ್ಷಣ ಪ್ಯಾನೆಲ್ ಎಚ್ಚರವಾಗಿಯೇ ಇರುತ್ತದೆ, ಸೈರನ್ ಕೂಗುತ್ತದೆ, ನಿಮ್ಮ ಫೋನ್‌ಗೆ ಮಾತ್ರ ಏನೂ ಬರುವುದಿಲ್ಲ. ರೂಟರ್‌ಗೂ ಒಂದು ಚಿಕ್ಕ ಯುಪಿಎಸ್ ಹಾಕಿ. ಆಮೇಲೆ ಪ್ಯಾನೆಲ್‌ನಲ್ಲಿ ಸಿಮ್ ಹಾಕುವ ಜಾಗ ಇದ್ದರೆ ಅದನ್ನು ಎರಡನೇ ದಾರಿಯಾಗಿ ಇಡಿ. ಸಿಮ್‌ನ ರೀಚಾರ್ಜ್ ಮುಗಿಯುವ ದಿನಾಂಕ ಕ್ಯಾಲೆಂಡರ್‌ನಲ್ಲಿ ಹಾಕಿಕೊಳ್ಳಿ. ಪ್ಯಾನೆಲ್ ಹಳೆಯದಾಗಿದ್ದರೆ ಅದು ಯಾವ ನೆಟ್‌ವರ್ಕ್‌ನದು ಎಂದೂ ನೋಡಿ. ಹಲವು ದೇಶಗಳಲ್ಲಿ 2ಜಿ, 3ಜಿ ಮುಚ್ಚಿಹೋಗಿವೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ನಿಲ್ಲಿಸಿದವು. ಅಂಥ ಕಡೆ ಹಳೆ ಮಾಡ್ಯೂಲ್ ಇದ್ದೂ ಇಲ್ಲದಂತೆ.

ಫೋನ್ ಕಡೆಯಲ್ಲೂ ಕೆಲಸ ಇದೆ. ರಾತ್ರಿ ಫೋನ್ ಸೈಲೆಂಟ್‌ನಲ್ಲಿದ್ದರೂ ಅಲಾರಾಂ ಸಂದೇಶ ಸದ್ದು ಮಾಡುವಂತೆ ಅನುಮತಿ ಕೊಡಿ. ಯಾರು ಬಂದರು, ಯಾರು ಹೋದರು ಎಂಬ ಸಂದೇಶಗಳಿಗೆ ಸದ್ದು ಬೇಡ. ಎಲ್ಲದಕ್ಕೂ ಒಂದೇ ಸದ್ದು ಇಟ್ಟರೆ ಕೆಲವೇ ದಿನದಲ್ಲಿ ಯಾವುದನ್ನೂ ನೋಡುವುದಿಲ್ಲ. ಕನಿಷ್ಠ ಇಬ್ಬರಿಗೆ ಸಂದೇಶ ಹೋಗಲಿ. ಅವರಲ್ಲಿ ಒಬ್ಬರು ನೀವು ಪ್ರಯಾಣ ಮಾಡುವಾಗ ಜೊತೆಯಲ್ಲಿ ಇರದವರಾಗಿರಲಿ.

ಆ್ಯಪ್ ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ಪಾಸ್‌ವರ್ಡ್ ಹಂಚಿಕೊಳ್ಳಬೇಡಿ, ಒಬ್ಬೊಬ್ಬರನ್ನೂ ಬೇರೆಯಾಗಿ ಸೇರಿಸಿ. ಹಳೆ ಮನೆಯವರು ಬಿಟ್ಟುಹೋದ ಅಲಾರಾಂ ಆಗಿದ್ದರೆ ಅದರ ಖಾತೆಯಲ್ಲಿ ಅವರ ಹೆಸರು ಇನ್ನೂ ಇರಬಹುದು, ಪೂರ್ತಿ ರೀಸೆಟ್ ಮಾಡಿಸಿ. ಪ್ಯಾನೆಲ್‌ನ ಗಡಿಯಾರ ಸರಿಯಿದೆಯೇ ನೋಡಿ. ಸಮಯ ತಪ್ಪಿದ್ದರೆ ಲಾಗ್‌ನಿಂದ ಏನೂ ಉಪಯೋಗವಿಲ್ಲ.

ಬ್ಯಾಟರಿ

ವೈರ್ ಇರುವ ಪ್ಯಾನೆಲ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ, ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಮೂರರಿಂದ ಐದು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಹಾಕಿದ ದಿನಾಂಕವನ್ನು ಅದರ ಮೇಲೇ ಬರೆಯಿರಿ. ಇದನ್ನು ಪರೀಕ್ಷಿಸಲು ಮೀಟರ್‌ಗಿಂತ ಒಳ್ಳೆ ಉಪಾಯ ಇದೆ: ಪ್ಯಾನೆಲ್‌ನ ಕರೆಂಟ್ ತೆಗೆದು ಎರಡು ಮೂರು ಗಂಟೆ ಬಿಡಿ, ಆಮೇಲೆ ಸೈರನ್ ಕೂಗಿಸಿ. ಮುದಿ ಬ್ಯಾಟರಿ ಸುಮ್ಮನಿದ್ದಾಗ ಸರಿಯಾಗಿಯೇ ಕಾಣುತ್ತದೆ, ಸೈರನ್ ಭಾರ ಬಿದ್ದಾಗ ಕುಸಿಯುತ್ತದೆ.

ವೈರ್‌ಲೆಸ್ ಸೆನ್ಸರ್‌ಗಳು ತಾವು ಬದುಕಿದ್ದೇವೆ ಎಂದು ಪ್ಯಾನೆಲ್‌ಗೆ ಆಗಾಗ ಸುದ್ದಿ ಕಳಿಸುತ್ತಿರುತ್ತವೆ. ಈ ಸೂಪರ್‌ವಿಷನ್ ಸೆಟ್ಟಿಂಗ್ ಆಫ್ ಆಗಿದ್ದರೆ, ಸೆನ್ಸರ್ ಕಳಚಿ ಬಿದ್ದು ತಿಂಗಳಾದರೂ ಗೊತ್ತಾಗುವುದಿಲ್ಲ. ಆನ್ ಮಾಡಿ. ಬ್ಯಾಟರಿ ಬದಲಿಸಲು ಮುಚ್ಚಳ ತೆಗೆದರೆ ಟ್ಯಾಂಪರ್ ಅಲಾರಾಂ (ಯಾರೋ ಸೆನ್ಸರ್ ಬಿಚ್ಚುತ್ತಿದ್ದಾರೆ ಎಂಬ ಎಚ್ಚರಿಕೆ) ಬರುತ್ತದೆ. ಹಾಗಾಗಿ ಮೊದಲು ಟೆಸ್ಟ್ ಮೋಡ್‌ಗೆ ಹಾಕಿ.

ಕೊನೆಗೆ ಪರೀಕ್ಷೆ

ವಾಕ್ ಟೆಸ್ಟ್ ಮೋಡ್‌ಗೆ ಹೋಗಿ. ಒಂದೊಂದೇ ಬಾಗಿಲು ತೆರೆಯಿರಿ, ಒಂದೊಂದೇ ಕೋಣೆಯಲ್ಲಿ ನಡೆಯಿರಿ, ಪಟ್ಟಿಯಲ್ಲಿ ಗುರುತು ಹಾಕುತ್ತಾ ಬನ್ನಿ. ಕೆಲವು ವೈರ್‌ಲೆಸ್ ಮೋಷನ್ ಸೆನ್ಸರ್‌ಗಳು ಒಮ್ಮೆ ಚಲನೆ ಕಂಡ ಮೇಲೆ ಬ್ಯಾಟರಿ ಉಳಿಸಲು ಕೆಲವು ನಿಮಿಷ ಮಲಗುತ್ತವೆ. ಹಾಗಾಗಿ ಎರಡನೇ ಸಲ ತಕ್ಷಣ ಸಿಗದಿದ್ದರೆ ಗಾಬರಿ ಬೇಡ, ಕೋಣೆ ಖಾಲಿ ಬಿಟ್ಟು ಮೂರ್ನಾಲ್ಕು ನಿಮಿಷ ಕಾಯಿರಿ.

ಅದಾದ ಮೇಲೆ ನಿಜವಾದ ಪರೀಕ್ಷೆ. ಟೆಸ್ಟ್ ಮೋಡ್‌ನಿಂದ ಹೊರಬನ್ನಿ. ಅಕ್ಕಪಕ್ಕದವರಿಗೆ ಹೇಳಿ, ಅವೇ ಮೋಡ್ ಒತ್ತಿ ಹೊರಗೆ ಹೋಗಿ. ಮೊದಲ ಸಲ ಮುಂಬಾಗಿಲಿನಿಂದ ಬಂದು ಪಿನ್ ಒತ್ತಿ, ಸೈರನ್ ಕೂಗಬಾರದು. ಎರಡನೇ ಸಲ ಪಿನ್ ಒತ್ತದೆ ನಿಲ್ಲಿ, ಸಮಯ ಮುಗಿದ ಕೂಡಲೇ ಕೂಗಬೇಕು. ಮೂರನೇ ಸಲ ಇನ್‌ಸ್ಟಂಟ್ ಝೋನ್‌ನ ಬಾಲ್ಕನಿ ಬಾಗಿಲು ಒಳಗಿನಿಂದ ತೆರೆಯಲು ಸ್ಟೇ ಮೋಡ್ ಬಳಸಿ, ತಕ್ಷಣ ಕೂಗಬೇಕು. ಪ್ರತಿ ಸಲವೂ ಫೋನ್‌ಗೆ ಬಂದ ಸಂದೇಶದಲ್ಲಿ ಝೋನ್ ಹೆಸರು ಸರಿಯಿದೆಯೇ ನೋಡಿ. ವೈಫೈ ಆಫ್ ಮಾಡಿ ಇನ್ನೊಮ್ಮೆ ಮಾಡಿದರೆ ಸಿಮ್ ದಾರಿಯೂ ಪರೀಕ್ಷೆಯಾಯಿತು. ತಿಂಗಳಿಗೊಮ್ಮೆ ಇದರ ಚಿಕ್ಕ ರೂಪ ಸಾಕು. ಸೆಟ್ಟಿಂಗ್ ಏನಾದರೂ ಬದಲಿಸಿದ ದಿನ ಮಾತ್ರ ಪೂರ್ತಿ ಮಾಡಿ.

ನಿಗಾ ಕೇಂದ್ರ ಇದ್ದವರು ಎಲ್ಲ ಮುಗಿದ ಮೇಲೆ ಮತ್ತೆ ಫೋನ್ ಮಾಡಿ, ಯಾವ್ಯಾವ ಝೋನ್‌ನ ಸಂದೇಶ ಎಷ್ಟು ಗಂಟೆಗೆ ಬಂತು ಎಂದು ಓದಿಸಿಕೊಳ್ಳಿ. ನಿಮ್ಮ ಪಟ್ಟಿಯ ಜೊತೆ ತಾಳೆ ನೋಡಿ. ಆಮೇಲೆ ಟೆಸ್ಟಿಂಗ್ ತೆಗೆಯಲು ಹೇಳಿ, ತೆಗೆದಾಯಿತು ಎಂದು ಅವರು ಹೇಳುವವರೆಗೆ ಫೋನ್ ಇಡಬೇಡಿ.